ವಿಮಾನ ಇಳಿಯಲು ಕಲ್ಲು ಆರಿಸಿದ ಹೊಲ

ಇಲ್ಲಿ ಮನುಷ್ಯರನ್ನು ತಕ್ಕಡಿಗೆ ಹಾಕಿ ತೂಗುತ್ತಾರೆ. ಸುಳ್ಳಲ್ಲ. ನೈರೋಬಿಗೆ ಬಂದ ಹೊಸದರಲ್ಲಿ ನಮ್ಮ ಸೇಠರ ಟ್ರಂಕು ಹೊತ್ತು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಟ್ರಂಕಿನ ಬೆನ್ನಿಗೇ ಸೇಠರನ್ನೂ ತೂಗಿದರು. ಸೇಠರು ಉಸಿರು ಬಿಗಿಹಿಡಿದು ಹಗುರಾಗಲು ನೋಡಿದರು! ಸಂಜೆ ಆ ಮುಖವನ್ನು ಕೋಣೆಯ ಗೆಳೆಯರಿಗೆ ಮಾಡಿ ತೋರಿಸಿದೆ. ಒಬ್ಬನ ಚಹಾ ಚೆಲ್ಲಿತು.

ನನ್ನ ನಿಜವಾದ ಕಸುಬು ಅದೇ. ನಮ್ಮೂರು ಸನಮಡಿಯಲ್ಲಿ ನಾನು ಅಣಕಿಸದವರಿಲ್ಲ. ನನ್ನನ್ನು ಸಾಕಿದ ಆಯಿ, ಅಂದರೆ ಅಪ್ಪನ ತಾಯಿ, ನನ್ನ ಉತ್ತಮ ಸರಕು. ಇಲ್ಲಿ ಸೇಠರ ‘ಡುಕಾ’ದಲ್ಲಿ ಬಟ್ಟೆ ಅಳೆಯುತ್ತೇನೆ; ನಮ್ಮ ದುಕಾನವೇ, ಬಾಲ ಕಳೆದುಕೊಂಡಿದೆ. ಇವರ ‘ಉಗಾಲಿ’ ಗೋವಿನಜೋಳದ ಗಟ್ಟಿ ಮುದ್ದೆ. ಆಯಿ ರೊಟ್ಟಿ ಬಡಿಯುವ ಸಪ್ಪಳವನ್ನು ಬಾಯಲ್ಲೇ ಮಾಡಿಕೊಂಡು ಅದನ್ನು ನುಂಗುತ್ತೇನೆ.

ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಬಂದವನು, ಆ ರಾತ್ರಿ ಊರಿಗೆ ಡೌಲಿನ ಪತ್ರ ಬರೆದೆ: “ಮುಂಬೈಗೆ ವಿಮಾನದಾಗ ಒಂದ ದಿನದ ದಾರಿ. ಕರದ್ರ ಸೀದಾ ನಮ್ಮ ಮಡ್ಡಿ ಹೊಲದಾಗ ಇಳೀತೀನಿ. ಜ್ವಾಳಾ ಜ್ವಾಕಿ!” ವಿಮಾನ ವಾರಕ್ಕೊಂದೇ ಎಂದಾಗಲಿ, ಟಿಕೀಟು ನನ್ನಂಥವನಿಗೆ ಎಟುಕದೆಂದಾಗಲಿ, ಮುಂಬೈಯಿಂದ ಮಿರಜಕ್ಕೆ ರೈಲು, ಜತ್ತಕ್ಕೆ ಮೋಟಾರು, ಮುಂದೆ ಕಾಲ್ನಡಿಗೆ ಎಂದಾಗಲಿ ಬರೆಯಲಿಲ್ಲ.

ಆಯಿಯ ಉತ್ತರವನ್ನು ಅಣ್ಣ ಅವಳ ಮಾತಿನಲ್ಲೇ ಬರೆದಿದ್ದ: “ಶ್ರೀಶೈಲಕ್ಕ ನಡಕೋತ ಹೋದ್ರ ಹದಿನೈದ ದಿನಾ ಬೇಕು. ನೀ ಒಂದ ದಿನದ ದಾರ್ಯಾಗ ಅದಿ ಅಂದ್ರ ಮಗ್ಗಲ ಮನಿಯಾಗ ಅದಿ ಬಿಡೋ ಮಂಗ್ಯಾ. ನಾ ಹೋದ್ರ ನೀ ಬರೂತನಾ ಎತ್ತಬ್ಯಾಡ್ರಿ ಅಂತ ನಿಮ್ಮಪ್ಪಗ ಹೇಳೀನಿ. ಮೊದಲ ಮಣ್ಣ ನಿನ್ನ ಕೈಲೇ ಬೀಳಬೇಕು.”

ಅದನ್ನೂ ಅವಳ ಧ್ವನಿಯಲ್ಲೇ ಓದಿ ಕೋಣೆಯನ್ನು ನಗಿಸಿದೆ.

ಶ್ರಾವಣದಲ್ಲಿ ತಾರು ಬಂತು. ‘ಆಯಿ ತೀರಿದಳು. ಕಾಯುತ್ತಿದ್ದೇವೆ.’

ನಮ್ಮವರಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಆಯಿ ಪಡಸಾಲೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ನನಗಾಗಿ ಕೂತಿದ್ದಳು. ವಿಮಾನ ಹಿಂದಿನ ದಿನವೇ ಹೋಗಿತ್ತು. “ಕಾಯಬೇಡಿ ಅಂತ ತಾರು ಕೊಟ್ಟುಬಿಡು,” ಎಂದರು ಸೇಠರು.

ತಾರು ಆಫೀಸಿನಲ್ಲಿ ಹಾಳೆ ಹಿಡಿದು ನಿಂತೆ. ಒಂದೇ ಶಬ್ದ. ಬರೆದರೆ ಹಿಂದೆ ಬರೆದದ್ದೆಲ್ಲ ಬೊಗಳೆ ಎಂದು ಒಪ್ಪಿಕೊಂಡಂತೆ. ಬಾಗಿಲು ಹಾಕಲು ಬಂದ ಜವಾನ ನನ್ನ ಮುಖ ನೋಡಿ “ಪೋಲೆ” ಎಂದ. ದುಃಖದಲ್ಲಿದ್ದವರಿಗೆ ಇಲ್ಲಿ ಹೇಳುವ ಸಮಾಧಾನದ ಮಾತು. ಬರೆಯದೆ ಹೊರಬಿದ್ದೆ. ಮರುದಿನ ಬೆಳಿಗ್ಗೆ ಬರೆದೆ.

ಅಣ್ಣನ ಪತ್ರ ಆಮೇಲೆ ಬಂತು: “ಎರಡ ದಿನಾ ಕುಂದ್ರಿಸಿದ್ವಿ. ಅಪ್ಪ ಮಂದೀನ ಕರಕೊಂಡ ಮಡ್ಡಿ ಹೊಲದಾಗಿನ ಕಲ್ಲೆಲ್ಲಾ ಆರಿಸಿ ತಗಸಿದ, ನಿನ್ನ ವಿಮಾನ ಇಳ್ಯಾಕ. ನಾ ಮಾಳಗಿ ಮ್ಯಾಲ ನಿಂತ ಆಕಾಶಾ ನೋಡೇ ನೋಡಿದೆ. ಎರಡನೇ ಸಂಜಿಗೆ ತಡೀಲಾರದ ಎತ್ತಿದ್ವಿ. ನಿನ್ನ ತಾರ ಮರುದಿನಾ ಬಂತು.”

ಗೆಳೆಯರು ಈಗಲೂ “ಆಯಿಯನ್ನು ಮಾಡೋ” ಎನ್ನುತ್ತಾರೆ. ಬಾಯಿ ತೆರೆದರೆ “ಬಂದ್ಯಾ?” ಎಂಬುದೊಂದೇ ಹೊರಡುತ್ತದೆ, ಅವಳದೇ ಧ್ವನಿ, ಚೂರೂ ತಪ್ಪಿಲ್ಲ. ಯಾರೂ ನಗುವುದಿಲ್ಲ.

ಹಿಂಗಾರಿ ಬಿತ್ತನೆ ಮುಗಿಯಿತಂತೆ. ನಾನಿಲ್ಲಿ ಊರವರಲ್ಲದವರಿಗೆ ಬಟ್ಟೆ ಅಳೆಯುತ್ತಿದ್ದೇನೆ. ಅಲ್ಲಿ ಕಲ್ಲು ಆರಿಸಿದ ಆ ಹೊಲವೊಂದನ್ನು ಅಪ್ಪ ಬಿತ್ತದೆ ಬಿಟ್ಟಿದ್ದಾನೆ.