ಸುಗ್ಗಿ ಹರಾಜಿನ ದಿನ ನನ್ನ ಭುಜಕ್ಕೆ ಬಿದ್ದ ಏಟು

ಒಬ್ಬರೇ ಏಕಕಾಲಕ್ಕೆ ಎರಡು ಕಡೆ ಕಾಣಿಸಿಕೊಂಡರಂತೆ ಎಂದು ಯಾರಾದರೂ ಹೇಳಲು ಶುರುಮಾಡಿದರೆ, ಸಾರಿಗೆ ಒಗ್ಗರಣೆ ಹಾಕಬೇಕು ಅಂತ ನಾನು ಎದ್ದುಬಿಡುತ್ತಿದ್ದೆ. ರಾಯರಿಗೆ ಕೈಮುಗಿಯದೆ ಒಂದು ದಿನವೂ ಒಲೆ ಹಚ್ಚಿದವಳಲ್ಲ ನಾನು. ಆದರೆ ದೇವರನ್ನು ನಂಬುವುದು ಬೇರೆ, ಇಂಥ ಕಥೆಗಳನ್ನು ನಂಬುವುದು ಬೇರೆ ಅಂದುಕೊಂಡಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಐವತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರಿಗೆ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತೆ ಕೆಲಸ. ಮಹಡಿಯ ಮೇಲೆ ಬಾಡಿಗೆ ಮನೆ. ತಾರಸಿಯಿಂದ ಬಗ್ಗಿದರೆ ಕೆಳಗೇ ಕ್ರಿಶ್ಚಿಯನ್ ಶಾಲೆಯ ಅಂಗಳ. ಒಬ್ಬ ಪಾದ್ರಿಯ ವಿಧವೆ ರೈಲ್ವೆ ಕೂಲಿಗಳ ಮಕ್ಕಳಿಗೆಂದು ತೆಂಗಿನ ಗರಿಯ ಚಪ್ಪರದಡಿ ಶುರುಮಾಡಿದ ಶಾಲೆಯಂತೆ ಅದು. ಆಕೆ ಸಾಕಿದ ಹುಡುಗಿಯೇ ಬೆಳೆದು ಈಗ ಹೆಡ್‌ಮಿಸ್ಟ್ರೆಸ್ ಆಗಿದ್ದರು. ಮಕ್ಕಳೆಲ್ಲ ಅವರನ್ನು ತಮಿಳಿನಲ್ಲಿ ಕರೆಯುತ್ತಿದ್ದದ್ದು ‘ಪೆರಿಯ ಟೀಚರ್’, ದೊಡ್ಡ ಟೀಚರ್ ಎಂದು. ಮದುವೆಯಾಗದೆ, ಬಿಳಿ ಸೀರೆಯುಟ್ಟು, ಆಯುಷ್ಯವನ್ನೆಲ್ಲ ಆ ಹೆಂಚಿನ ಕಟ್ಟಡಕ್ಕೇ ಸುರಿದವರು. ನನ್ನ ಮಗಳು ಸುಮ ಅಲ್ಲಿ ಎರಡನೇ ಕ್ಲಾಸು.

ವರ್ಷಕ್ಕೊಮ್ಮೆ ಅಂಗಳದಲ್ಲಿ ಅವರ ಸುಗ್ಗಿ ಹಬ್ಬ. ಚರ್ಚಿನವರು ಬೆಳೆದದ್ದು, ಸಾಕಿದ್ದು, ಮಾಡಿದ್ದು ಎಲ್ಲ ತಂದು ದೇವರಿಗೆ ಒಪ್ಪಿಸಿ, ಪ್ರಾರ್ಥನೆ ಮುಗಿದ ಮೇಲೆ ಶಾಲೆಗೋಸ್ಕರ ಹರಾಜು ಹಾಕುತ್ತಾರೆ. ಮೊದಲನೆಯ ಬಾಳೆಗೊನೆಯನ್ನು ಮಾತ್ರ ಯಾರೂ ಕೂಗುವ ಹಾಗಿಲ್ಲ. ಶಾಲೆಯ ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟೇ ಅದನ್ನು ಎತ್ತಿಕೊಳ್ಳಬೇಕು, ಅದು ಪದ್ಧತಿ. ಆ ವರ್ಷ ಚರ್ಚು ಎರಡು ಪಕ್ಷವಾಗಿತ್ತು. ಇಬ್ಬರು ‘ನಾನೇ ಕರೆಸ್ಪಾಂಡೆಂಟ್’ ಅನ್ನುತ್ತಿದ್ದರು. ಆಫೀಸು ಕೋಣೆಯ ಬೀಗದ ಕೈಯನ್ನು ಪೆರಿಯ ಟೀಚರ್ ಇಬ್ಬರಿಗೂ ಕೊಡದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ಹಬ್ಬದ ಭಾನುವಾರ ಸುಮ ಹಾಡುವ ಮಕ್ಕಳ ಗುಂಪಿನಲ್ಲಿದ್ದಳು.

“ಏಸುಸ್ವಾಮಿ ಪಾಟ್ಟು ಹಾಡಿ ಬಂದು ಹಾಗೇ ಅಡಿಗೆಮನೆಗೆ ನುಗ್ಗಿದ್ರೆ ನೋಡು!” ಎಂದು ನಮ್ಮ ಅತ್ತೆ ಗದರಿದರು.

“ನೀವೂ ಅದೇ ಪಾಟ್ಟು ಗುನುಗ್ತಿರ್ತೀರಲ್ಲ ಅಜ್ಜಿ, ಮಡೀಲೇ!” ಎಂದು ಅವಳು ಓಡಿದಳು.

ಶಿವರಾತ್ರಿ ಕಳೆದು ಬಿಸಿಲು ಏರಿದ ದಿನಗಳು. ಅತ್ತೆಯೂ ನಾನೂ ತಾರಸಿಯ ಮೇಲೆ ಮಡಿಯಲ್ಲಿ ಸಂಡಿಗೆ ಇಡುತ್ತಿದ್ದೆವು. ನನ್ನ ಮೈಮೇಲೆ ಒದ್ದೆ ಸೀರೆ, ಕೈತುಂಬ ಅಕ್ಕಿಹಿಟ್ಟು. ಕೆಳಗೆ ಮಕ್ಕಳ ಹಾಡು ಮುಗಿಯಿತು. ಬಾಳೆಗೊನೆಯನ್ನು ಎತ್ತಿ ಹಿಡಿದರು. ಆ ಇಬ್ಬರು ಕರೆಸ್ಪಾಂಡೆಂಟರೂ ಒಟ್ಟಿಗೆ ಕೈಹಾಕಿದರು.

ಆಗತಾನೆ ಕಣ್ಣುಮುಚ್ಚಿ ಪ್ರಾರ್ಥಿಸಿದ ಗಂಡಸರು ಬೆಂಚುಗಳ ಕಾಲು ಮುರಿದು ಒಬ್ಬರ ತಲೆಗೊಬ್ಬರು ಬಾರಿಸತೊಡಗಿದರು. ಮುದುಕರೊಬ್ಬರು ಬಾಯಿ ಮುಚ್ಚಿಕೊಂಡು ಕುಸಿದರು, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಕಾಣಿಕೆಗೆ ತಂದ ಕೋಳಿಗಳು ಕಾಲು ಕಟ್ಟಿದ ಹಾಗೆಯೇ ತುಳಿತಕ್ಕೆ ಸಿಕ್ಕಿ ಸತ್ತವು. ಹೆಂಗಸರನ್ನು ಜಡೆ ಹಿಡಿದು ಎಳೆದರು. ಚಪ್ಪರದ ಗಳ ಉರುಳಿತು. ಒಂದಷ್ಟು ಜನ ಆಫೀಸು ಕೋಣೆಯತ್ತ ನುಗ್ಗಿದರು. ಬಾಗಿಲಿಗೆ ಅಡ್ಡವಾಗಿ ಪೆರಿಯ ಟೀಚರ್. ಅವರ ಸೆರಗು ಹಿಡಿದು ಪಕ್ಕದಲ್ಲಿ ನನ್ನ ಸುಮ.

ಎಲ್ಲರಿಗಿಂತ ಮುಂದಿದ್ದವನು ಅರುಳ್. ವರ್ಕ್‌ಶಾಪಿನಲ್ಲಿ ಫಿಟ್ಟರು, ಅದೇ ಟೀಚರ ಕೈಹಿಡಿದು ಅಕ್ಷರ ತಿದ್ದಿದವನು. “ಸಾವಿಯೆ ಕುಡುಡೀ!” ಎಂದು ಬೀಗದ ಕೈ ಕೇಳಿದ, ಬಹುವಚನ ಬಿಟ್ಟು.

“ಮೊದಲ್ಲೆ ಕಟ್ಟೆಯೆ ಕೀಳೆ ಪೋಡು, ಅರುಳ್.” ಮೊದಲು ಕೋಲು ಕೆಳಗೆ ಹಾಕು ಅಂತ. ಕ್ಲಾಸಿನಲ್ಲಿ ಹೇಳುವ ಅದೇ ದನಿ, ಮೇಲಕ್ಕೂ ಕೇಳಿಸಿತು. ಅವನು ಬೆಂಚಿನ ಕಾಲನ್ನು ಎರಡೂ ಕೈಯಿಂದ ಎತ್ತಿದ.

ನಾನು ಏಳಹೋದೆ. ಅತ್ತೆ ಸೆರಗು ಜಗ್ಗಿದರು. “ನೀನು ಮೆಟ್ಟಿಲು ಇಳಿಯೋಷ್ಟರಲ್ಲಿ ಆಗೋದು ಆಗಿಹೋಗುತ್ತೆ ಕಣೆ! ಕೆಳಗೆ ಬಾಗಿಲಿಗೆ ಅಗುಳಿ ಬೇರೆ ಹಾಕಿದಾರೆ!” ರಾಯರೇ ಎಂದು ಕಣ್ಣು ಮುಚ್ಚಿದೆ. ಮರುಕ್ಷಣ ಬಲಭುಜಕ್ಕೆ ಹಾರೆಯಿಂದ ಬಡಿದ ಹಾಗೆ ಏಟು ಬಿತ್ತು. ಸಂಡಿಗೆಯ ಮೇಲೇ ಕವುಚಿ ಬಿದ್ದೆ. ಕಣ್ಣು ಬಿಟ್ಟು ಬಗ್ಗಿ ನೋಡಿದಾಗ ಅರುಳ್ ಕೋಲು ಬಿಸಾಡಿ ತನ್ನ ಕೈಗಳನ್ನೇ ನೋಡುತ್ತಾ ನಿಂತಿದ್ದ. ಅಷ್ಟು ಹೊತ್ತಿಗೆ ಪೊಲೀಸರ ಸೀಟಿ ಕೇಳಿಸಿತು.

ಗಲಾಟೆ ತಣ್ಣಗಾದ ಮೇಲೆ ಪೆರಿಯ ಟೀಚರೇ ಸುಮಳನ್ನು ಕರೆದುಕೊಂಡು ಬಂದರು. ಬಾಗಿಲಲ್ಲೇ ನನ್ನ ಕೈಹಿಡಿದು ಅತ್ತರು. “ತೋಳು ಎಪ್ಪಡಿ ಇರುಕ್ಕು, ಅಮ್ಮಾ?” ಎಂದರು, ಭುಜ ಹೇಗಿದೆ ಅಂತ. ನನ್ನ ಭುಜದ ಸುದ್ದಿ ಅವರಿಗೆ ಹೇಗೆ ಗೊತ್ತು?

“ನೀನೇ ತಾನೆ ಅಮ್ಮಾ ನನ್ನ ತಳ್ಳಿದ್ದು? ಒದ್ದೆ ಸೀರೇಲಿ ಓಡಿ ಬಂದೆಯಲ್ಲ. ಆ ಆಳು ನಿನಗೆ ಹೊಡೆದ. ಆಮೇಲೆ ಎಲ್ಲಿ ಹೋದೆ?” ಎಂದಳು ಸುಮ.

“ಎಲ್ಲಿ ಬಂದ್ಲೇ ಇವಳು? ನನ್ನ ಪಕ್ಕದಲ್ಲೇ ಬಿದ್ದಿದ್ಲು,” ಎಂದು ಅತ್ತೆ ರೇಗಿ ಮಗುವನ್ನು ತಿರುಗಿಸಿದರು. ಸುಮಳ ನೀಲಿ ಯೂನಿಫಾರಂ ಬೆನ್ನಿನ ಮೇಲೆ ಒಣಗಿದ ಅಕ್ಕಿಹಿಟ್ಟಿನ ಐದು ಬೆರಳು.

ಬೆಳಗ್ಗೆ ಜಡೆ ಹಾಕುವಾಗ ತಗುಲಿರಬಹುದು, ಭುಜ ತಾರಸಿಯ ಕಟ್ಟೆಗೆ ಬಡಿದಿರಬಹುದು ಅಂದರು ಯಜಮಾನರು. ಭುಜದ ಮಾತು ಇರಬಹುದು. ಆದರೆ ಮಡಿಯುಟ್ಟು ಹಿಟ್ಟಿಗೆ ಕೈಹಾಕಿದ ಮೇಲೆ ನಾನು ಮಗುವನ್ನು ಮುಟ್ಟಿರಲಿಲ್ಲ. ಮಡಿಯಲ್ಲಿ ಯಾರಾದರೂ ಮುಟ್ಟುತ್ತಾರೆಯೇ?

ಯಾರ ಜೀವವೂ ಹೋಗಲಿಲ್ಲ. ಟೀಚರ ಕನ್ನಡಕಕ್ಕೂ ಏನೂ ಆಗಲಿಲ್ಲ. ಬೀಗದ ಕೈ ಅವರ ಸೊಂಟದಲ್ಲೇ ಉಳಿಯಿತು, ಮರುವರ್ಷ ಮೊದಲ ಗೊನೆಯನ್ನು ಮಕ್ಕಳಿಗೇ ಹಂಚಿದರು. ನಮ್ಮ ಸಂಡಿಗೆಯೂ ಅರ್ಧ ಉಳಿಯಿತು. ಅಷ್ಟನ್ನು ಕೊಟ್ಟ ದೇವರನ್ನು ಹೆಚ್ಚು ಕೇಳಬಾರದು.

ಕೆಲವು ತಿಂಗಳ ಮೇಲೆ ಅರುಳ್ ಬಂದ. ಸೊರಗಿಹೋಗಿದ್ದ. ಮೆಟ್ಟಿಲ ಮೇಲೇ ಕುಸಿದು, “ಅಮ್ಮಾ, ಒಂಗಳೆ ಅಡಿಚ್ಚಿಟ್ಟೇನ್. ಮನ್ನಿಚ್ಚಿಡುಂಗ,” ಎಂದ. ನಿಮ್ಮನ್ನು ಹೊಡೆದುಬಿಟ್ಟೆ, ಕ್ಷಮಿಸಿ ಎಂದು. ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲವಂತೆ. ನಾನು ಅಲ್ಲಿಗೆ ಬಂದೇ ಇರಲಿಲ್ಲಪ್ಪ ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಪಾಪ, ಅವನು ಇನ್ನು ಯಾರ ಹತ್ತಿರ ಹೋಗಿ ಕೇಳಬೇಕಿತ್ತು?

“ಆಯ್ತು, ಏಳಪ್ಪ. ಕಾಪಿ ಕುಡಿ,” ಅಂದೆ.

ಲೋಟ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಸೆರಗು ಮುಚ್ಚಿದ ನನ್ನ ಬಲಭುಜವನ್ನೇ ನೋಡುತ್ತಿದ್ದ. ಯಾವ ಭುಜವೆಂದು ನಾನು ಅವನಿಗೆ ಹೇಳಿರಲಿಲ್ಲ.

ಅಂದು ಆ ಬಾಗಿಲಲ್ಲಿ ಏಟು ತಿಂದವಳು ನಾನೋ ಅಲ್ಲವೋ, ಇವತ್ತಿಗೂ ಗೊತ್ತಿಲ್ಲ. ಕ್ಷಮಿಸಿದವಳು ಮಾತ್ರ ನಾನೇ.