ಟೈಪ್‌ರೈಟರಿನ ಕೊಕ್ಕೆ ಮತ್ತು ನನ್ನ ಜಂಬ

ಆ ಕಾಗದ ಬಂದ ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಎಂಬತ್ತರ ದಶಕದ ಆರಂಭ. ಮಧುಗಿರಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆಳಿಗ್ಗೆ ಜೂನಿಯರ್ ಹುಡುಗಿಯರಿಗೆ ಕಲಿಸುತ್ತಿದ್ದೆ, ಸಂಜೆ ನಾನೇ ಸೀನಿಯರ್ ಪರೀಕ್ಷೆಗೆಂದು ಅಭ್ಯಾಸಕ್ಕೆ ಕೂತು ಕುಟ್ಟುತ್ತಿದ್ದೆ. ಪಾಸಾದರೆ ಕಚೇರಿ ಕೆಲಸ, ಫೇಲಾದರೆ ಮದುವೆ ಎಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ನಮ್ಮಲ್ಲಿದ್ದ ನಾಲ್ಕು ಕನ್ನಡ ಯಂತ್ರಗಳೂ ಒಂದೇ ಮಾದರಿಯವು. ಆ ಮಾದರಿಯನ್ನು ನಿಲ್ಲಿಸಿದ್ದೇವೆ, ಇನ್ನು ಬಿಡಿಭಾಗ ಕಳಿಸುವುದಿಲ್ಲ, ರಿಪೇರಿಯವರೂ ಬರುವುದಿಲ್ಲ ಎಂದು ಕಂಪನಿಯವರು ಮೂರೇ ಸಾಲು ಗೀಚಿದ್ದರು.

ಕೆಟ್ಟಿದ್ದು ಉಗುರಿನಷ್ಟು ಚಿಕ್ಕ ಕೊಕ್ಕೆ. ಕೀಲಿ ಒತ್ತಿದಾಗ ಹಲ್ಲಿನ ಚಕ್ರವನ್ನು ಹಿಡಿದು, ಕಾಗದವನ್ನು ಒಂದೇ ಒಂದು ಅಕ್ಷರದಷ್ಟು ಸರಿಸುವುದು ಅದರ ಕೆಲಸ. ಎರಡು ಯಂತ್ರಗಳಲ್ಲಿ ಅದು ಸವೆದು, ಅಕ್ಷರದ ಮೇಲೆ ಅಕ್ಷರ ಬೀಳುತ್ತಿತ್ತು. ಉಳಿದೆರಡು ಜೂನಿಯರ್ ಹುಡುಗಿಯರಿಗೇ ಸಾಲುತ್ತಿರಲಿಲ್ಲ.

“ತೂಕಕ್ಕೆ ಹಾಕ್ಬುಡಾನ ಕಣಮ್ಮ, ಇನ್ನೇನ್ ಮಾಡಕ್ಕಾಯ್ತದೆ?” ಎಂದರು ಇನ್‌ಸ್ಟಿಟ್ಯೂಟಿನ ಯಜಮಾನರು.

“ಪರೀಕ್ಷೆಗೆ ಇನ್ನೆರಡೇ ತಿಂಗ್ಳು. ಹಾಲ್‌ಗೆ ಬರೀ ಕೈಯಲ್ಲಿ ಹೋಗಾನಾ?” ಎಂದು ರೇಗಿದೆ. ಆಗೆಲ್ಲ ಅಭ್ಯರ್ಥಿಗಳು ತಮ್ಮ ಯಂತ್ರವನ್ನು ತಾವೇ ಹೊತ್ತುಕೊಂಡು ತುಮಕೂರಿನ ಪರೀಕ್ಷಾ ಕೇಂದ್ರಕ್ಕೆ ಹೋಗಬೇಕಿತ್ತು.

ಮರುದಿನವೇ ಕೊಕ್ಕೆಯನ್ನು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡು ಶಿರಾ ಬಸ್ಸು ಹತ್ತಿದೆ. ಅಲ್ಲಿ ಬೀಗ, ಸ್ಟೌ ರಿಪೇರಿ ಮಾಡುವ ಹಿರಿಯ ಸಾಹೇಬರೊಬ್ಬರಿದ್ದರು. ಕೊಕ್ಕೆಯನ್ನು ಬೆಳಕಿಗೆ ಹಿಡಿದು, “ಅರೆ, ಇಷ್ಟಕ್ಕೆ ಯಾಕಮ್ಮ ಪರೇಶಾನ್ ಆಗ್ತೀಯ?” ಎಂದು ನಕ್ಕರು. ಮುರಿದ ಗರಗಸದ ಬ್ಲೇಡನ್ನು ಅರದಿಂದ ತೀಡಿ ಹೊಸ ಕೊಕ್ಕೆ ಮಾಡಿದರು. ಅದು ಕೂತು ತಿರುಗಲು ಬೇಕಾದ ಸಣ್ಣ ಪಿನ್ನಿಗೆ ಸೈಕಲ್ ಕಡ್ಡಿಯ ತುಂಡೊಂದನ್ನು ಕತ್ತರಿಸಿದರು. ಹೊರಡುವಾಗ, “ಕೇಳ್ದೋರಿಗೆಲ್ಲ ಹೇಳ್ಕೊಡು, ಇದ್ರಲ್ಲಿ ಬಚ್ಚಿಡೋದೇನೈತೆ?” ಎಂದರು.

ಮಧುಗಿರಿಗೆ ಬಂದು ಅದನ್ನು ಕೂರಿಸಿ ಕೀಲಿ ಒತ್ತಿದೆ. ಟಕ್! ಒಂದು ಅಕ್ಷರ, ಒಂದೇ ಹೆಜ್ಜೆ. ಕುರ್ಚಿಯಿಂದೆದ್ದು ಕುಣಿದುಬಿಟ್ಟೆ. ಯಜಮಾನರು ಕನ್ನಡಕ ತೆಗೆದು ನೋಡಿದರು.

ಕೊಕ್ಕೆಯ ಚಿತ್ರ, ಅಳತೆ, ಮಾಡುವ ಕ್ರಮ ಎಲ್ಲವನ್ನೂ ಕಾರ್ಬನ್ ಇಟ್ಟು ಬರೆದೆ. ಕೊನೆಗೆ, ‘ಯಾರು ಬೇಕಾದರೂ ಮಾಡಿಕೊಳ್ಳಿ. ಇನ್ನೂ ಚೆನ್ನಾಗಿ ಮಾಡಿದವರು ಕೆಳಗೆ ಬರೆದು ಎಲ್ಲರಿಗೂ ಕಳಿಸಿ’ ಎಂದು ಸೇರಿಸಿದೆ. ಕೊರಟಗೆರೆ, ಶಿರಾ, ಪಾವಗಡದ ಇನ್‌ಸ್ಟಿಟ್ಯೂಟುಗಳಲ್ಲೂ ಇದೇ ಯಂತ್ರಗಳಿದ್ದವು. ಹಾಳೆಗಳನ್ನು ಬಸ್ ಕಂಡಕ್ಟರ್‌ಗಳ ಕೈಗೆ ಕೊಟ್ಟೆ. ವಾರದೊಳಗೆ ಕೊರಟಗೆರೆಯಿಂದ ಉತ್ತರ: ಕೊಕ್ಕೆಯ ತುದಿಯನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಬೇಗ ಸವೆಯುವುದಿಲ್ಲ! ಶಿರಾದವರು ಚಿತ್ರವನ್ನೇ ದೊಡ್ಡದಾಗಿ ಬರೆದು ಕಳಿಸಿದರು. ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಪಾಠ ಬಿಟ್ಟು ನಿಲ್ದಾಣಕ್ಕೆ ಓಡುತ್ತಿದ್ದೆ. ಆ ಹಾಳೆ ನನ್ನದು ಎಂಬ ಜಂಬ ನೆತ್ತಿಗೇರಿತ್ತು.

ಆಮೇಲೆ ಪಾವಗಡದ ಕಾಗದ ಬಂತು. ಅಲ್ಲಿನ ಟೀಚರಮ್ಮ ಬರೆದಿದ್ದರು: ‘ಸೈಕಲ್ ಕಡ್ಡಿ ಎಂದರೆ ಯಾವ ಸೈಕಲ್ಲು? ನಮ್ಮೂರಲ್ಲಿ ಸಿಗುವುದು ದಪ್ಪ, ಕೊಕ್ಕೆ ತಿರುಗುವುದೇ ಇಲ್ಲ. ತೆಳ್ಳಗಿನದು ಬಾಗುತ್ತದೆ. ಹೊಲಿಗೆ ಯಂತ್ರದ ಮುರಿದ ಸೂಜಿಯ ಮೇಲ್ಭಾಗ ಹಾಕಿ. ಎಲ್ಲಾ ಊರಲ್ಲೂ ಅದರ ದಪ್ಪ ಒಂದೇ, ಬಾಗುವುದೂ ಇಲ್ಲ.’

ನನಗೆ ಮೈಯೆಲ್ಲ ಉರಿಯಿತು. ನಮ್ಮ ಯಂತ್ರ ಚೆನ್ನಾಗಿಯೇ ಓಡುತ್ತಿದೆಯಲ್ಲ! ಕಾಗದವನ್ನು ಮಡಿಸಿ ಡ್ರಾಯರಿಗೆ ತಳ್ಳಿದೆ. ಬೇರೆ ಊರಿಗೂ ಕಳಿಸಲಿಲ್ಲ.

ಪರೀಕ್ಷೆಯ ದಿನ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕೊರಟಗೆರೆ ಮಾರ್ಗವಾಗಿ ಹೊರಟೆ. ದಾರಿಯುದ್ದಕ್ಕೂ ಗುಂಡಿ, ಬಸ್ಸು ಕುಲುಕಿದ್ದೇ ಕುಲುಕಿದ್ದು. ಹಾಲ್‌ನಲ್ಲಿ ಯಂತ್ರ ಇಳಿಸಿ ಪರೀಕ್ಷಿಸಿದರೆ, ಅಕ್ಷರದ ಮೇಲೆ ಅಕ್ಷರ. ಸೈಕಲ್ ಕಡ್ಡಿ ಬಾಗಿತ್ತು. ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. ಕಣ್ಣಲ್ಲಿ ನೀರು ಬಂತು.

“ಏಮಮ್ಮಾ, ಮಧುಗಿರಿಯವಳಾ?” ಯಂತ್ರದ ಮೇಲೆ ಬರೆದಿದ್ದ ನಮ್ಮ ಇನ್‌ಸ್ಟಿಟ್ಯೂಟಿನ ಹೆಸರು ನೋಡಿ ಪಕ್ಕದ ಸಾಲಿನಿಂದ ಹೆಂಗಸೊಬ್ಬರು ಎದ್ದು ಬಂದರು. ತಮ್ಮ ವಿದ್ಯಾರ್ಥಿನಿಯರ ಜೊತೆ ಬಂದಿದ್ದ ಪಾವಗಡದ ಟೀಚರಮ್ಮ! ನನ್ನ ಯಂತ್ರದೊಳಗೆ ಇಣುಕಿ, “ನಾನು ಬರ್ದಿದ್ದು ಓದ್ಲಿಲ್ವಾ?” ಎಂದರು.

“ಓದ್ದೆ,” ಎಂದೆ. ಸುಳ್ಳು ಹೇಳಲು ಹೊತ್ತಿರಲಿಲ್ಲ. “ಸಿಟ್ಟು ಬಂದು ಮಡಿಸಿಟ್ಟೆ.”

ಅವರು ಗೊಳ್ಳೆಂದು ನಕ್ಕರು. ಬ್ಯಾಗಿನಿಂದ ಬೆಂಕಿಪೊಟ್ಟಣವೊಂದನ್ನು ತೆಗೆದರು. ಅದರ ತುಂಬ ಮುರಿದ ಸೂಜಿಗಳು. ಸಣ್ಣ ಇಕ್ಕುಳದಿಂದ ಬಾಗಿದ ಕಡ್ಡಿ ಕಿತ್ತು, ಸೂಜಿಯ ತುಂಡು ತೂರಿಸಿ, “ಒತ್ತು” ಎಂದರು. ಟಕ್. ಇನ್ನೊಂದು ಸಲ, ಟಕ್. ಗಂಟೆ ಹೊಡೆಯಿತು. ಆ ದಿನ ನನ್ನ ಬೆರಳುಗಳು ಓಡಿದಂತೆ ಮುಂದೆಂದೂ ಓಡಲಿಲ್ಲ. ಪಾಸಾಗುವುದು ಖಂಡಿತ ಎಂದು ಕೊನೆಯ ಸಾಲಿನಲ್ಲೇ ಗೊತ್ತಾಯಿತು, ಪಾಸಾದೆ ಕೂಡ.

ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಯಂತ್ರ ಎತ್ತಿಕೊಳ್ಳುತ್ತಿದ್ದರು. ನಾನು ಮಾತ್ರ ಟೀಚರಮ್ಮನಿಂದ ಬಿಳಿ ಹಾಳೆಗಳನ್ನು ಕೇಳಿ ಪಡೆದು, ಕಾರ್ಬನ್ ಇಟ್ಟು ಮತ್ತೆ ಕೂತೆ. ಮೂರೂ ಊರಿಗೆ ಕಳಿಸಬೇಕಾದ ಆ ಹಾಳೆಯಲ್ಲಿ ಮೊದಲ ಸಾಲನ್ನು ಅವರ ಎದುರಿಗೇ ಟೈಪ್ ಮಾಡಿದೆ: ‘ಸೈಕಲ್ ಕಡ್ಡಿ ಬೇಡ, ಹೊಲಿಗೆ ಸೂಜಿ ಹಾಕಿ. ಪಾವಗಡದವರು ಮೊದಲೇ ಹೇಳಿದ್ದರು, ಮುಚ್ಚಿಟ್ಟವಳು ನಾನು.’