ಬೀಗರ ಮನೆಗೆ ಬಂದು ಬಾಣಂತನ ಮಾಡಿದ ಅತ್ತೆ

ಮಗಳು ಹುಟ್ಟಿ ಮೂರು ವಾರವಾಗಿತ್ತು. ಚಳ್ಳಕೆರೆಯ ನಮ್ಮವ್ವನ ಮನೆಯ ಮುಂದೆ ಆಟೋ ನಿಂತಿತು. ಬಾಗಿಲಿಗೆ ಬಂದು ನೋಡಿದರೆ ಮೊಳಕಾಲ್ಮೂರಿನಿಂದ ನನ್ನ ಅತ್ತೆ! ಕಂಕುಳಲ್ಲಿ ಬಟ್ಟೆಯ ಗಂಟು. ಹಿಂದಿನಿಂದ ಆಟೋದವನು ಇಳಿಸುತ್ತಿದ್ದದ್ದು ನೂಲು ಸುತ್ತುವ ರಾಟೆ. ಮಗ್ಗದ ಮನೆಯ ಮೂಲೆ ಬಿಟ್ಟು ಎಂದೂ ಕದಲದ ಆ ಮರದ ರಾಟೆಯನ್ನು ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಬಂದಿದ್ದರು. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಆದರೆ ಆಗ ನನಗಾದದ್ದು ಭಯ. ಬೈಯಲು ಬಂದಿದ್ದಾರೆ ಅಂದುಕೊಂಡೆ.

ಅದು ತೊಂಬತ್ತರ ದಶಕದ ನಡುವಿನ ಮಾತು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಚೊಚ್ಚಲ ಬಾಣಂತನ ತವರಿನದು, ಐದು ತಿಂಗಳಿನದು ಅನ್ನುತ್ತಾರೆ. ದಿನಗೂಲಿಯ ಮನೆಯಲ್ಲಿ ಅದೆಲ್ಲಿ ಸಾಧ್ಯ? ಹನ್ನೊಂದನೆಯ ದಿನದ ನೀರು ಹಾಕಿದ ಮಾರನೆಯ ಬೆಳಿಗ್ಗೆಯೇ ಅವ್ವ ಹೊರಟಳು.

"ಹೋಗ್ದಿದ್ರೆ ಆ ಜಾಗಕ್ಕೆ ಬೇರೆಯೋಳು ಬಂದು ಕುಂತ್ಕಂತಾಳೆ ಕಣವ್ವ" ಎಂದು ಮುಖ ಸಣ್ಣದು ಮಾಡಿಕೊಂಡು ಹೇಳಿದ್ದಳು.

ಆಮೇಲೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಕೋಣೆಯಲ್ಲಿ ನಾನು, ಕೂಸು. ಕೂಸು ಮಲಗಿದರೂ ನನಗೆ ನಿದ್ದೆಯಿಲ್ಲ. ಅದು ಅತ್ತರೆ ಪಕ್ಕದ ಮನೆಯಲ್ಲಿ ಯಾರೋ ಅಳುತ್ತಿರುವಂತೆ ಕೇಳಿಸುತ್ತಿತ್ತು. ಅವ್ವನ ದುಡಿಮೆಯಲ್ಲಿ ಎರಡು ಹೊಟ್ಟೆ ಹೆಚ್ಚಿಗೆ ಬಂದು ಕೂತೆವಲ್ಲ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಒಂದು ಸಂಜೆ ಅವ್ವ ಬಂದಾಗ ಮಗಳು ಅತ್ತತ್ತು ಗಂಟಲು ಕಟ್ಟಿಕೊಂಡಿದ್ದಳು. ನಾನು ಪಕ್ಕದಲ್ಲೇ ಗೋಡೆ ನೋಡುತ್ತ ಕೂತಿದ್ದೆ. ಪಕ್ಕದ ಮನೆಯವಳು "ಸನ್ನಿ ಹಿಡಿದೈತೆ" ಅಂದಳು. ಅವ್ವ ಎಸ್‌ಟಿಡಿ ಬೂತಿಗೆ ಓಡಿ ನನ್ನ ಗಂಡನಿಗೆ ಸುದ್ದಿ ಮುಟ್ಟಿಸಿದಳು. ಅವನು ಮಗ್ಗ ಬಿಟ್ಟು ಬರುವ ಹಾಗಿರಲಿಲ್ಲ. ಬಂದದ್ದು ಅತ್ತೆ.

ಮಿಲ್ಲಿನಿಂದ ಬಂದ ಅವ್ವನಿಗೆ ನಾಚಿಕೆಯೋ ನಾಚಿಕೆ. "ಏನಕ್ಕಾ, ಬೀಗರು ಬಂದು ಬಾಣಂತನ ಮಾಡಿದ್ರೆ ಜನ ನಗಲ್ವೇನ್ರೀ?"

"ನಗ್ಲಿ ಬಿಡ್ರಿ. ನಕ್ಕೋರು ಬಂದು ಕೂಸಿಗೆ ನೀರು ಹಾಕ್ತಾರಾ?" ಅತ್ತೆ ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದರು. "ನೀವು ಕೆಲ್ಸ ಬಿಡ್ಬ್ಯಾಡ್ರಿ. ನಾನಿಲ್ಲೇ ಕುಂತು ನೂಲು ಸುತ್ತಿ ಬಸ್ಸಿಗೆ ಹಾಕಿದ್ರೆ ಅಲ್ಲಿ ಮಗ್ಗನೂ ನಿಲ್ಲಲ್ಲ."

ಮಾರನೆಯ ದಿನ ಎಣ್ಣೆ ಹಚ್ಚಿ, ನೀರು ಹಾಕಿ, ಬಿಸಿ ಅನ್ನ ಉಣ್ಣಿಸಿ ರಾಟೆ ಮುಂದೆ ಕೂತರು. ನನಗೆ ತಡೆಯಲಾಗಲಿಲ್ಲ. "ಅತ್ತೆ, ನಂಗೆ ಕೂಸಿನ ಮ್ಯಾಲೆ ಮಮತೆನೇ ಬರ್ತಿಲ್ಲ" ಅಂದುಬಿಟ್ಟೆ.

ರಾಟೆ ನಿಂತಿತು. "ನಂಗೂ ಬಂದಿರ್ಲಿಲ್ಲ ಅಮ್ಮಾಯಿ" ಅಂದರು. ಮನೆಯಲ್ಲಿ ತೆಲುಗು ಆಡುವವರು, ನನ್ನನ್ನು ಹಾಗೇ ಕರೆಯುತ್ತಿದ್ದರು. "ನಿನ್ ಗಂಡ ಹುಟ್ಟಿ ಹದಿನೈದು ದಿನಕ್ಕೇ ರಾಟೆಗೆ ಕುಂತೆ. ನಾನು ಕುಂತ್ರೇನೇ ಒಲೆ ಹತ್ತೋದು. ಅವ್ನೂ ಅಳೋನು, ನಾನೂ ಅಳೋಳು. ಹುಚ್ಚಿ ಅಂದಾರು ಅಂತ ಯಾರಿಗೂ ಹೇಳ್ಲಿಲ್ಲ. ಸರಿಹೋಗಾಕೆ ಎರಡು ವರ್ಷ ಹಿಡೀತು. ನಿಂಗೆ ಅಷ್ಟು ದಿನ ಬಿಡಲ್ಲ. ಏಂ ಕಾದು, ಏನೂ ಆಗಲ್ಲ. ನಾಳೆ ಆಸ್ಪತ್ರೆಗೆ ಹೋಗಣ."

ಇದು ನನ್ನೊಬ್ಬಳಿಗೆ ಬಂದದ್ದಲ್ಲ! ನಾನು ಕೆಟ್ಟ ತಾಯಿಯಲ್ಲ! ಆವತ್ತು ಎರಡು ತುತ್ತು ಹೆಚ್ಚಿಗೆ ಉಂಡೆ.

ಸರ್ಕಾರಿ ಆಸ್ಪತ್ರೆಯ ಡಾಕ್ಟ್ರಮ್ಮ ಎಲ್ಲ ಕೇಳಿಸಿಕೊಂಡು, "ಇದು ಕಾಯಿಲೆ, ನಿನ್ನ ತಪ್ಪಲ್ಲ" ಅಂದರು. ಮಾತ್ರೆ ಬರೆದು, ಚೆನ್ನಾಗಿ ನಿದ್ದೆ ಆಗಬೇಕು, ಹತ್ತಿರ ಒಬ್ಬರು ಇರಲೇಬೇಕು ಅಂದರು. "ಇರೋದು ನಾನಾತು, ಉಳಿದದ್ದು ನೀವು ನೋಡ್ಕೊಳ್ರಿ" ಎಂದರು ಅತ್ತೆ. ಡಾಕ್ಟ್ರಮ್ಮ ನಕ್ಕರು.

ರಾಟೆಯ ಗುಂಯ್‌ ಸದ್ದಿಗೆ ಮಗಳು ಮಲಗುವಳು, ಅವಳೊಟ್ಟಿಗೆ ನಾನೂ. ಹೀಗೆ ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಮೊಳಕಾಲ್ಮೂರಿನ ಬಸ್ಸಿನಲ್ಲಿ ಗಿಳಿಹಸಿರು ರೇಷ್ಮೆ ಬಂತು. ಅತ್ತೆ ಆ ನೂಲಿನ ಲಡಿಯನ್ನು ಬಿಸಿಲಿಗೆ ಎತ್ತಿ ಹಿಡಿದರು. ನನ್ನ ತೊಡೆಯ ಮೇಲಿದ್ದ ಮಗಳ ಕಣ್ಣು ಅದರ ಹಿಂದೆಯೇ ಹೋಯಿತು. ಅತ್ತೆ ಎಡಕ್ಕೆ ಸರಿಸಿದರೆ ಎಡಕ್ಕೆ, ಬಲಕ್ಕೆ ಸರಿಸಿದರೆ ಬಲಕ್ಕೆ. ಆಮೇಲೆ ಆ ಕಣ್ಣು ನನ್ನ ಮುಖಕ್ಕೆ ಬಂದು ನಿಂತಿತು. ಮಗಳು ಬೊಚ್ಚುಬಾಯಿ ಅಗಲಿಸಿ ನಕ್ಕಳು.

"ಅತ್ತೆ, ನನ್ನ ನೋಡ್ತಾಳೆ! ನನ್ನ ನೋಡಿ ನಗ್ತಾಳೆ!"

ಎದೆ ತುಂಬಿ ರವಿಕೆ ಒದ್ದೆಯಾಯಿತು. ಮಗಳ ನೆತ್ತಿ ಮೂಸಿದೆ. ಎಣ್ಣೆಯ, ಸಾಂಬ್ರಾಣಿಯ ವಾಸನೆ. ಅಷ್ಟು ದಿನ ಆ ವಾಸನೆ ಎಲ್ಲಿತ್ತು? ಅವಳನ್ನೆತ್ತಿಕೊಂಡು ಬರಿಗಾಲಲ್ಲೇ ಬೀದಿಗೆ ಓಡಿದೆ. ಬಾಣಂತಿ ಗಾಳಿಗೆ ಹೋಗಬಾರದು ಎಂದು ಅತ್ತೆ ಸ್ಕಾರ್ಫ್ ಹಿಡಿದು ಹಿಂದೆ ಓಡಿಬಂದರು. ನಾನು ನಿಂತದ್ದು ಮಿಲ್ಲಿನ ಗೇಟಿನ ಮುಂದೆ.

ಮೈಯೆಲ್ಲ ಶೇಂಗಾ ಸಿಪ್ಪೆಯ ಧೂಳು ಮೆತ್ತಿಕೊಂಡ ಅವ್ವ ಹೊರಗೆ ಓಡಿಬಂದಳು. "ಏನಾತೇ? ಕೂಸಿಗೇನಾತು?"

"ನಕ್ಕಳವ್ವ!"

ಅವ್ವ ನನಗೆ ಬೈದಳು, ನಕ್ಕಳು, ಅಲ್ಲೇ ಕೂತು ಅತ್ತಳು. ಅವಳ ಜೊತೆ ಕೆಲಸ ಮಾಡುವ ಹೆಂಗಸರೆಲ್ಲ ಬಂದು ಕೂಸಿನ ಗಲ್ಲ ಮುಟ್ಟಿದರು. ಮಗಳು ಎಲ್ಲರಿಗೂ ನಕ್ಕಳು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದಲ್ಲ. ಗೋಡೆ ನೋಡುತ್ತ ಕೂರುವ ದಿನಗಳು ಮತ್ತೆ ಬಂದವು, ಮಾತ್ರೆ ಎಷ್ಟೋ ತಿಂಗಳು ನಡೆಯಿತು. ಅತ್ತೆ ಐದು ತಿಂಗಳು ತುಂಬುವವರೆಗೂ ಅಲ್ಲಾಡಲಿಲ್ಲ. ಅವ್ವನ ಕೆಲಸ ಉಳಿಯಿತು, ಮಗ್ಗವೂ ನಡೆಯಿತು.

ಮೊಳಕಾಲ್ಮೂರಿಗೆ ಹೋದಮೇಲೆ ನಾನೂ ನೇಯಲು ಕಲಿತೆ. ನಮ್ಮ ಬೀದಿಯಲ್ಲಿ ಯಾರಿಗೇ ಹೆರಿಗೆಯಾಗಲಿ, ಹೋಗಿ ಕೂಸನ್ನು ನೋಡುವ ಮೊದಲು ತಾಯಿಯ ಪಕ್ಕ ಕೂತು, "ನಿದ್ದೆ ಬರ್ತೈತಾ? ಸುಮ್ಸುಮ್ನೆ ಅಳು ಬರ್ತೈತಾ?" ಎಂದು ಕೇಳುತ್ತಿದ್ದೆ.

"ಅಕ್ಕಾ, ನಿಂಗೆಂಗೆ ಗೊತ್ತಾತು?" ಎಂದು ಒಬ್ಬಳು ಕಣ್ಣರಳಿಸಿದಳು. ಆವತ್ತು ಬೆಳಿಗ್ಗೆ ಹೋದ ನಾನು ನನ್ನ ಕತೆಯೆಲ್ಲ ಹೇಳಿ ಅವಳ ಮನೆಯಿಂದ ಎದ್ದದ್ದು ಸಂಜೆಗೇ.